ಸ್ವಾಗತದ ಅರವತ್ತು ಸಾವಿರ

"ನಿಮಗೆ ಈಗಾಗಲೇ ನಮ್ಮ ಕಾರ್ಡ್ ಕೊಟ್ಟಾಗಿದೆ," ಎಂದರು ಬ್ಯಾಂಕಿನ ಅಧಿಕಾರಿ.

ಫಿಸಿಯೋಥೆರಪಿಸ್ಟ್ ತನ್ನ ಕೈಯಲ್ಲಿದ್ದ ಅರ್ಜಿ ನೋಡಿದಳು. ಅದನ್ನವಳು ತುಂಬಿ ಐದು ನಿಮಿಷವೂ ಆಗಿರಲಿಲ್ಲ.

"ಇದೇ ನನ್ನ ಮೊದಲ ಅರ್ಜಿ."

ಅಧಿಕಾರಿ ಪರದೆಯನ್ನು ಅವಳತ್ತ ತಿರುಗಿಸಿದರು. ಅವಳ ಹೆಸರು. ಅವಳ ಪಾಸ್‌ಪೋರ್ಟ್ ನಂಬರು. ಕಾರ್ಡ್ ಕೊಟ್ಟು ಹದಿಮೂರು ತಿಂಗಳು. ಬಿಲ್ಲುಗಳೆಲ್ಲ ಸರಿಯಾದ ದಿನಕ್ಕೆ ಪಾವತಿ. ಎರಡು ತಿಂಗಳ ಹಿಂದೆ ಕಾರ್ಡ್ ರದ್ದು. ಹೊಸ ಗ್ರಾಹಕರಿಗೆ ಕೊಡುವ ಸ್ವಾಗತದ ಅರವತ್ತು ಸಾವಿರ ಪಾಯಿಂಟ್ ಗಿಫ್ಟ್ ವೋಚರುಗಳಾಗಿ ಖರ್ಚು.

"ಸ್ವಾಗತದ ಪಾಯಿಂಟ್ ಒಬ್ಬರಿಗೆ ಒಂದೇ ಸಲ. ಹೊಸ ಕಾರ್ಡ್ ಕೊಡಬಹುದು, ಪಾಯಿಂಟ್ ಬರಲ್ಲ."

ಈ ದೇಶಕ್ಕೆ ಬಂದು ಅವಳಿಗೆ ಹದಿನಾಲ್ಕು ತಿಂಗಳು. ಗಂಡ ಮತ್ತು ಏಳು ವರ್ಷದ ಮಗಳ ವೀಸಾ ಕೈಗೆ ಬಂದಿತ್ತು. ಹನ್ನೊಂದು ದಿನದೊಳಗೆ ಅವರು ಬಂದಿಳಿಯದಿದ್ದರೆ ಅದು ರದ್ದು. ಉಳಿಸಿದ ದುಡ್ಡು ಗಂಡನ ಟಿಕೆಟ್ಟಿಗೆ ಹೋಗಿತ್ತು. ಮಗಳ ಟಿಕೆಟ್ಟಿಗೆ ಅವಳು ನಂಬಿದ್ದು, ವಿಮಾನದ ಟಿಕೆಟ್ಟಿಗೆ ಬದಲಾಯಿಸಿಕೊಳ್ಳಬಹುದಾದ ಆ ಅರವತ್ತು ಸಾವಿರ ಪಾಯಿಂಟನ್ನು.

"ಮುಂದಿನವರು," ಎಂದು ಯಾರೋ ಕರೆದರು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಆ ಹಳೆಯ ಅರ್ಜಿಯ ಪ್ರತಿ ಕೊಡಿ. ನನ್ನ ಹೆಸರಿನಲ್ಲಿದೆಯಲ್ಲ, ಕೇಳುವ ಹಕ್ಕು ನನಗಿದೆ."

*

ಪೊಲೀಸ್ ಠಾಣೆಯಲ್ಲಿ ಅವಳ ದೂರನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ನಿಮಗಾದ ನಷ್ಟ ಎಷ್ಟು?" ಪಾಯಿಂಟ್ ಎಂದಾಗ ಬರೆಯುತ್ತಿದ್ದ ಕೈ ನಿಂತಿತು.

ಅಲ್ಲಿಂದ ಅವಳು ನೇರ ಪತ್ರಿಕೆ ಕಚೇರಿಗೆ ಹೋದಳು. ಓದುಗರ ದೂರುಗಳ ಅಂಕಣ ನೋಡಿಕೊಳ್ಳುವ ವರದಿಗಾರನಿಗೆ ಅಲ್ಲಿದ್ದ ಅಡ್ಡಹೆಸರು 'ಪುರಾವೆ'. ಕಾಫಿ ತಣ್ಣಗಿದೆ ಎಂದರೂ ಮುಟ್ಟಿ ನೋಡುವ ಆಸಾಮಿ.

"ಯಾರ ಮೇಲಾದರೂ ಅನುಮಾನ?"

"ಮನೆ ಮಾಲೀಕರ ಮೇಲೆ ಅಂತಾರೆ ನಮ್ಮ ಅಕ್ಕ."

"ಯಾರು ಈ ಅಕ್ಕ?"

"ಒಡಹುಟ್ಟಿದವಳಲ್ಲ. ಹೊಸ ಸಿಬ್ಬಂದಿಯ ಪರವಾನಗಿ, ಕಾಗದಪತ್ರ ಎಲ್ಲ ನೋಡಿಕೊಳ್ಳೋ ನಮ್ಮ ಆಸ್ಪತ್ರೆಯ ಸ್ವಾಗತ ವಿಭಾಗದವರು. ನಮ್ಮ ಭಾಷೆಯವರು, ಬಂದು ಹದಿನೈದು ವರ್ಷ. ಹೊರದೇಶದಿಂದ ಬಂದವರಿಗೆಲ್ಲ ಅವರೇ ದಿಕ್ಕು. ಬ್ಯಾಂಕಿನ ವಿಷಯ ಫೋನಿನಲ್ಲಿ ಕೇಳಿ ತುಂಬಾ ಬೇಜಾರು ಮಾಡಿಕೊಂಡರು. 'ಹೋಗೋ ಮುಂಚೆ ನನಗೊಂದು ಮಾತು ಹೇಳಬಾರದಿತ್ತೇನೇ' ಅಂತ ಬೈದರು."

ಪುರಾವೆ ಅರ್ಜಿಯ ಪ್ರತಿಯನ್ನು ಮೇಜಿನ ಮೇಲೆ ಹರಡಿದ. ವಿಳಾಸ, ಆಸ್ಪತ್ರೆಯ ಹಾಸ್ಟೆಲಿನದು. ಜೊತೆಗೆ ಪಾಸ್‌ಪೋರ್ಟಿನ ಫೋಟೋ ಪುಟ ಮತ್ತು ವಾಸದ ಪರವಾನಗಿಯ ಮುದ್ರೆ ಇದ್ದ ಪುಟ.

ಅವಳು ಆ ಪುಟದ ಮೇಲೆ ಬಗ್ಗಿದಳು. "ಸಾರ್, ಇದು ನಾನು ಕೊಟ್ಟ ಪ್ರತಿ ಅಲ್ಲ."

"ಹೇಗೆ ಹೇಳ್ತೀರಿ?"

"ನಾನು ಪ್ರತಿ ಕೊಟ್ಟರೆ ಅದರ ಮೇಲೆ ಅಡ್ಡಡ್ಡ ಬರೀತೀನಿ. ಯಾರಿಗೆ, ಯಾತಕ್ಕೆ, ತಾರೀಖು. ನಮ್ಮಪ್ಪ ನೋಂದಣಿ ಕಚೇರಿಯಲ್ಲಿ ಗುಮಾಸ್ತರು. ಬರೆಯದೆ ಕೊಟ್ಟರೆ ಊಟ ಹಾಕ್ತಿರಲಿಲ್ಲ. ಇದು ಖಾಲಿ ಇದೆ."

ಪುರಾವೆಗೆ ಮೊದಲ ಸಲ ನಗು ಬಂತು. "ನಿಮ್ಮಪ್ಪನನ್ನ ನಮ್ಮ ಕಚೇರಿಗೆ ಕಳಿಸಿ."

*

ಮನೆ ಮಾಲೀಕ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿದ. ಕಳ್ಳ ಎನ್ನಿಸಿಕೊಂಡ ಸಿಟ್ಟು ಮುಖದ ಮೇಲಿತ್ತು. ಆದರೂ ಕಡತ ತಂದು ಮುಂದೆ ಹಿಡಿದ.

"ನೋಡ್ರೀ. ಈಕೆ ಕೊಟ್ಟ ಕಾಗದ. ಮುಖದ ಮೇಲೇ ಬರೆದಿದ್ದಾಳೆ, 'ಮನೆ ಬಾಡಿಗೆಗೆ ಮಾತ್ರ'. ಇದನ್ನ ಇಟ್ಕೊಂಡು ಒಂದು ಸೈಕಲ್ಲೂ ಬಾಡಿಗೆಗೆ ಸಿಗಲ್ಲ."

ತಾರೀಖನ್ನೂ ನೋಡಿದರು. ಕಳ್ಳ ಅರ್ಜಿ ಹಾಕಿ ಒಂದು ತಿಂಗಳಾದ ಮೇಲಷ್ಟೇ ಅವಳು ಈ ಮನೆಗೆ ಬಂದದ್ದು. ಮಾಲೀಕ ಪಟ್ಟಿಯಿಂದ ಹೋದ.

ಉಳಿದದ್ದು ಅವಳು ಮೊದಲಿದ್ದ ಹಾಸ್ಟೆಲ್. ಅಲ್ಲಿಯ ವಾರ್ಡನ್ ಅಂಚೆಯ ರಿಜಿಸ್ಟರ್ ಇಡುತ್ತಾಳೆ. ಸಹಿ ಬೇಕಾದ ಕವರುಗಳೆಲ್ಲ ಅದರಲ್ಲಿ. ಅವಳ ಕೋಣೆಯ ನಂಬರಿನ ಎದುರು ಬ್ಯಾಂಕಿನ ಒಂದು ಕವರ್ ಇತ್ತು. ಪಡೆದವರ ಜಾಗದಲ್ಲಿ ಸ್ವಾಗತ ವಿಭಾಗದ ಮೊಹರು.

"ಇದನ್ಯಾಕೆ ಇವರ ಕೈಗೆ ಕೊಡಲಿಲ್ಲ?"

"ಹೊಸಬರು ಡ್ಯೂಟಿಗೆ ಹೋಗಿರ್ತಾರೆ. ಬ್ಯಾಂಕ್ ಕವರ್ ಬಂದರೆ ಆಫೀಸಿಗೆ ಕಳಿಸಿ ಅಂತ ಆದೇಶ. ನಾನೇನು ಬಿಚ್ಚಿ ನೋಡ್ತೀನಾ?"

ಪುರಾವೆ ಹಿಂದುಮುಂದಿನ ಪುಟಗಳನ್ನು ಮಗುಚಿದ. ಮೂರು ವರ್ಷ. ಅದೇ ಬ್ಯಾಂಕು, ಅದೇ ಮೊಹರು, ಬೇರೆ ಬೇರೆ ಹೆಸರು. ಎಣಿಸಿದ. ಹನ್ನೆರಡು.

*

ಎರಡು ದಿನ ಅವರಿಬ್ಬರೂ ಫೋನು ಹಿಡಿದು ಕೂತರು. ಹನ್ನೆರಡರಲ್ಲಿ ಒಂದು ಹೆಸರು ಅವಳದೇ. ಉಳಿದ ಹನ್ನೊಂದು ಮಂದಿಯೂ ಸಿಕ್ಕರು. ನರ್ಸುಗಳು, ಪ್ರಯೋಗಾಲಯದವರು, ಅಡುಗೆಮನೆಯ ಒಬ್ಬ. ಪುರಾವೆ ಎಲ್ಲರಿಗೂ ಅದೇ ಎರಡು ಪ್ರಶ್ನೆ ಕೇಳಿದ. ನಡುವೆ ಬ್ಯಾಂಕಿಗೂ ಒಂದು ಪ್ರಶ್ನೆ ಹಾಕಿದ.

ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಸ್ವಾಗತ ವಿಭಾಗದ ಬಾಗಿಲು ತಳ್ಳಿದರು. ಎರಡು ಮೇಜು, ಒಂದು ಸ್ಕ್ಯಾನರ್, ಗೋಡೆಗೆ 'ಸುಸ್ವಾಗತ' ಎಂದು ಏಳು ಭಾಷೆಗಳಲ್ಲಿ ಬರೆದ ಹಲಗೆ. ಒಂದು ಮೇಜು ವಿಭಾಗದ ಮುಖ್ಯಸ್ಥನದು. ಇನ್ನೊಂದರ ಹಿಂದೆ ಅಕ್ಕ.

"ಬಾರೇ ಪುಟ್ಟ. ಸಿಕ್ಕಿದನಾ ಕಳ್ಳ?"

"ಕೂತು ಮಾತಾಡೋಣ ಅಕ್ಕ," ಎಂದಳು ಅವಳು.

ಪುರಾವೆ ನಿಂತೇ ಶುರು ಮಾಡಿದ.

"ಅರ್ಜಿಯಲ್ಲಿರೋ ಪ್ರತಿ ಅಸಲು ಪಾಸ್‌ಪೋರ್ಟಿನಿಂದ ತೆಗೆದದ್ದು. ಅದರಲ್ಲಿ ಪರವಾನಗಿಯ ಮುದ್ರೆ ಇದೆ. ಪರವಾನಗಿ ಕಚೇರಿಯಿಂದ ಪಾಸ್‌ಪೋರ್ಟ್ ಇವರ ಕೈ ಸೇರೋ ಮುಂಚೆ ಎರಡು ದಿನ ಈ ಕೋಣೆಯಲ್ಲಿತ್ತು. ಕವರ್ ಬಂದದ್ದೂ ಈ ಕೋಣೆಗೆ. ಇಲ್ಲಿರೋದು ಇಬ್ಬರು."

ಮುಖ್ಯಸ್ಥ ಎದ್ದು ನಿಂತ.

"ತಾವು ಕೂತ್ಕೊಳ್ಳಿ ಸಾರ್. ತಾವು ಸೇರಿ ಎಂಟು ತಿಂಗಳು. ರಿಜಿಸ್ಟರಿನಲ್ಲಿರೋದು ಮೂರು ವರ್ಷದ ಕಥೆ."

ಅಕ್ಕ ಹುಬ್ಬೇರಿಸಿದಳು. "ನಾನು ಊರಿಗೆಲ್ಲ ಉಪಕಾರ ಮಾಡಿದ್ದೇ ತಪ್ಪಾಯ್ತಾ?"

"ಆ ಉಪಕಾರವೇ ನಿಮ್ಮನ್ನ ಹಿಡಿದುಕೊಟ್ಟದ್ದು. ಹನ್ನೊಂದು ಮಂದಿಗೆ ಕೇಳಿದೆ, ಕಾರ್ಡಿಗೆ ಯಾವಾಗ ಅರ್ಜಿ ಹಾಕಿದಿರಿ ಅಂತ. ಹಾಕಿದವರೆಲ್ಲ ಒಂದು ವರ್ಷ ಕಳೆದ ಮೇಲೆ, ಉಳಿದವರು ಇನ್ನೂ ಕಾಯ್ತಿದ್ದಾರೆ. ಅಷ್ಟು ಕಾಯಬೇಕು ಅಂತ ಹೇಳಿದ್ದು ಯಾರು ಅಂದೆ. ಎಲ್ಲರದೂ ಒಂದೇ ಉತ್ತರ. ಅಕ್ಕ. 'ಪರದೇಶದವರು ಮೊದಲ ವರ್ಷ ಅರ್ಜಿ ಹಾಕಿದರೆ ತಿರಸ್ಕಾರ ಆಗತ್ತೆ, ದಾಖಲೆ ಕೆಡತ್ತೆ.' ಬ್ಯಾಂಕಿಗೆ ಕೇಳಿದೆ. ಅಂಥ ನಿಯಮವೇ ಇಲ್ಲ. ಪರವಾನಗಿ, ಕೆಲಸದ ನೇಮಕಪತ್ರ, ಅಷ್ಟೇ. ಆ ವರ್ಷ ಬೇಕಾಗಿದ್ದು ನಿಮಗೆ. ಹನ್ನೊಂದು ತಿಂಗಳು ಅವರ ಹೆಸರಿನ ಕಾರ್ಡ್ ಬಳಸಿ, ಪಾಯಿಂಟ್ ತೆಗೆದು, ರದ್ದು ಮಾಡಿ, ಆಮೇಲೆ ಅವರನ್ನ ಬ್ಯಾಂಕಿಗೆ ಬಿಡ್ತಿದ್ರಿ. ಪಾಯಿಂಟ್ ಇಲ್ಲ ಅಂತ ಬ್ಯಾಂಕಿನವರು ಅಂದಾಗ, ಪರದೇಶಿಗಳಿಗೆ ಇಷ್ಟೇ ಅಂದ್ಕೊಂಡು ಅವರು ಸುಮ್ಮನಾದರು. ಈಕೆ ಸುಮ್ಮನಾಗಲಿಲ್ಲ."

ಅಕ್ಕ ಸ್ಕ್ಯಾನರಿನ ಮುಚ್ಚಳ ಮುಚ್ಚಿದಳು. ಅವಳ ದನಿ ಮೆತ್ತಗಾಗಿತ್ತು.

"ಯಾರ ಮೇಲಾದರೂ ಒಂದು ಕಾಸು ಸಾಲ ಹೊರಿಸಿದ್ದೀನಾ? ನನ್ನ ಮನೆಯ ಖರ್ಚು, ನನ್ನ ದುಡ್ಡಲ್ಲೇ ಕಟ್ಟಿದ್ದೀನಿ. ಪಾಯಿಂಟ್ ನಿಮ್ಮ ಬೆವರಾ? ಗಾಳಿಯಲ್ಲಿ ಬರೋದು." ಅವಳು ಫಿಸಿಯೋಥೆರಪಿಸ್ಟ್ ಕಡೆ ತಿರುಗಿದಳು. "ನೋಡೇ, ಬ್ಯಾಂಕಿಗೆ ದೂರು ಹೋದರೆ ವಿಚಾರಣೆಗೆ ಮೂವತ್ತು ದಿನ. ನಿನ್ನ ಮಗಳ ವೀಸಾಕ್ಕೆ ಉಳಿದಿರೋದು ಎಂಟು. ಇವತ್ತು ಸಂಜೆಯೊಳಗೆ ಅವಳ ಟಿಕೆಟ್ ನಿನ್ನ ಕೈಯಲ್ಲಿಡ್ತೀನಿ. ಇದು ಇಲ್ಲಿಗೇ ಮುಗೀಲಿ."

ಅವಳು ಪುರಾವೆಯತ್ತ ನೋಡಿದಳು. "ಮೂವತ್ತು ದಿನ ಅನ್ನೋದು ನಿಜವಾ ಸಾರ್?"

"ನಿಜ."

ಪುರಾವೆ ಪೆನ್ನನ್ನು ಜೇಬಿಗೆ ಸೇರಿಸಿದ. ತೀರ್ಮಾನ ಅವನದಲ್ಲ.

ಅವಳು ಚೀಲದಿಂದ ದೂರಿನ ಅರ್ಜಿ ತೆಗೆದಳು. ಹನ್ನೊಂದು ಸಹಿ ಆಗಲೇ ಇದ್ದವು. ಕೆಳಗೊಂದು ಗೆರೆ ಖಾಲಿ.

"ಅಡುಗೆಮನೆಯವನು ಆ ಪಾಯಿಂಟಿಗೆ ಕಾದಿದ್ದು ಅಮ್ಮನ್ನ ನೋಡೋಕೆ ಹೋಗಬೇಕು ಅಂತ. ಆಮೇಲೆ ಹೋಗೋ ಅಗತ್ಯ ಬೀಳಲಿಲ್ಲ. ಅಮ್ಮನೇ ಇರಲಿಲ್ಲ. ಅವನಿಗೆ ಯಾವ ಟಿಕೆಟ್ ಕೊಡ್ತೀರ ಅಕ್ಕ?"

ಮೇಜಿನ ಮೇಲಿನ ಪೆನ್ನು ಎತ್ತಿಕೊಂಡು ಸಹಿ ಹಾಕಿದಳು. ಮುಖ್ಯಸ್ಥ ಫೋನೆತ್ತಿ ಭದ್ರತಾ ಸಿಬ್ಬಂದಿಯನ್ನು ಕರೆದ. ಅಕ್ಕನ ಡ್ರಾಯರಿನಲ್ಲಿ ಮೂರು ಕಾರ್ಡು ಸಿಕ್ಕವು, ಆ ಹನ್ನೊಂದು ಮಂದಿಯಲ್ಲಿ ಕಳೆದ ತಿಂಗಳಷ್ಟೇ ಬಂದ ಮೂವರ ಹೆಸರಿನವು.

*

ಮರುದಿನ ಬೆಳಿಗ್ಗೆ ವೀಸಾ ಕಚೇರಿಯ ಸಾಲಿನಲ್ಲಿ ಅವಳು ನಲವತ್ತೊಂದನೆಯವಳು. ಹನ್ನೆರಡು ಸಹಿಯ ದೂರು, ಪೊಲೀಸರು ಈ ಸಲ ಮರುಮಾತಿಲ್ಲದೆ ಕೊಟ್ಟ ರಸೀದಿ, ವಿಚಾರಣೆ ಮುಗಿದೊಡನೆ ಪಾಯಿಂಟ್ ಕೊಡುವುದಾಗಿ ಬ್ಯಾಂಕು ಬರೆದ ಕಾಗದ. ಕೌಂಟರಿನಾಕೆ ಮೂರನ್ನೂ ಕೊನೆಯವರೆಗೆ ಓದಿದಳು. ಒಳಗೆ ಹೋಗಿ ಬಂದಳು. ಮೊಹರು ಒತ್ತಿದಳು.

"ಇಬ್ಬರ ವೀಸಾಕ್ಕೂ ಇನ್ನು ನಲವತ್ತೈದು ದಿನ. ಮತ್ತೆ ಮುಂದೂಡಕ್ಕಾಗಲ್ಲ."

ಮೆಟ್ಟಿಲ ಮೇಲೆ ನಿಂತೇ ಮನೆಗೆ ಫೋನು ಮಾಡಿದಳು. ಎತ್ತಿದ್ದು ಮಗಳು.

"ಟಿಕೆಟ್ ಸಿಕ್ತಾ ಅಮ್ಮ?"

"ಮುಂದಿನ ತಿಂಗಳು ಪುಟ್ಟಿ."

"ಹೋದ ಸಲವೂ ಹಂಗೇ ಅಂದಿದ್ದೆ."

"ಈ ಸಲ ಕಾಗದದ ಮೇಲೆ ಬರೆಸಿಕೊಂಡಿದ್ದೀನಿ."

"ಹಾಗಾದ್ರೆ ಕಿಟಕಿ ಪಕ್ಕದ ಸೀಟು ಕೇಳು," ಎಂದಳು ಮಗಳು.