ಹೊಳ್ಳಿ ಬಂದ ಉಡಿ

ಬನಹಟ್ಟಿಯ ಮಗ್ಗಗಳು ಎಷ್ಟು ಗದ್ದಲ ಮಾಡುತ್ತವೆಂದರೆ, ಅಲ್ಲಿ ಹುಟ್ಟಿದ ಕೂಸು ಅಳುವುದನ್ನು ಬಿಟ್ಟು ಕೈಸನ್ನೆಯಲ್ಲೇ ಹಾಲು ಕೇಳುತ್ತದೆ. ಅಂಥ ಊರಲ್ಲಿ ಹನ್ನೆರಡು ಪವರ್‌ಲೂಮ್ ನಡೆಸುವ ಚಿದಾನಂದನಿಗೆ ಮೂವತ್ತೊಂಬತ್ತು ತುಂಬಿದರೂ ಮದುವೆಯಾಗಿರಲಿಲ್ಲ. ಅವನು ನೋಡಿಬಂದ ಕನ್ಯೆಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ರಬಕವಿ ದಾಟಿ ಜಮಖಂಡಿ ಮುಟ್ಟುತ್ತಿತ್ತು. ಯಾರನ್ನು ಕಂಡರೂ ಅವನ ಎದೆ ಒಂದು ಎಳೆಯಷ್ಟೂ ಅಲುಗಿರಲಿಲ್ಲ.

ಆಷಾಢದ ಒಂದು ಮುಂಜಾನೆ ಕಾಂಚನಾ ಅವನ ಮನೆಯ ಹೊಸ್ತಿಲು ದಾಟಿದಳು. ಅಲುಗಿತು.

ಅವಳು ಮುಧೋಳದ ಮಗಳು. ನೆರವಿನ ಸಂಸ್ಥೆಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದು, ಯುದ್ಧ ನಡೆಯುವ ದೇಶಗಳ ಡೇರೆಗಳಲ್ಲೇ ಅರ್ಧ ಆಯುಷ್ಯ ಕಳೆದವಳು. ಈಗ ಒಂದು ಸೆಮಿಸ್ಟರಿನ ಮಟ್ಟಿಗೆ ಜಮಖಂಡಿಯ ಲಾ ಕಾಲೇಜಿನಲ್ಲಿ ಯುದ್ಧಕಾಲದ ಕಾಯ್ದೆ ಕಲಿಸಲು ಬಂದಿದ್ದಳು. ಕೃಷ್ಣೆ ಉಕ್ಕುವ ಮೊದಲು ಹೊಳೆದಂಡೆಯ ಹೆಂಗಸರಿಗಾಗಿ ಆರುನೂರು ಸೀರೆ ಕೂಡಿಸಿಡುವ ಕೆಲಸವನ್ನೂ ಸಂಸ್ಥೆ ಅವಳಿಗೇ ಹಚ್ಚಿತ್ತು. ಆ ಸೀರೆ ನೇಯುವ ಕೆಲಸ ಚಿದಾನಂದನಿಗೆ ಸಿಕ್ಕಿತ್ತು. ಮಾದರಿ ನೋಡಲು ಅವಳು ಬಂದಿದ್ದಳು.

ವಯಸ್ಸು ಮೂವತ್ತಾರು. ಕಿವಿಯ ಮೇಲೆ ನಾಲ್ಕು ಬೆಳ್ಳಿಕೂದಲು. ನಕ್ಕರೆ ಎಡಗೆನ್ನೆಯಲ್ಲಿ ಒಂದು ಕುಳಿ ಬೀಳುತ್ತಿತ್ತು, ಮುಧೋಳದ ಕಾರ್ಖಾನೆಯ ಒಂದು ಚೀಲ ಸಕ್ಕರೆ ಹಿಡಿಸುವಷ್ಟು.

ಹೊರಡುವಾಗ ಚಿದಾನಂದನ ತಾಯಿ ಗುರುಬಸವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕಾಂಚನಾ ಸೆರಗೊಡ್ಡಿ ತುಂಬಿಸಿಕೊಂಡಳು, ಕಾಲಿಗೆ ಬಿದ್ದಳು, ಆಮೇಲೆ ಎಲ್ಲವನ್ನೂ ಹಾಗೆಯೇ ಮಣೆಯ ಮೇಲೆ ಇಳಿಸಿದಳು.

"ತಪ್ಪು ತಿಳ್ಕೋಬ್ಯಾಡ್ರಿ ಅವ್ವಾರ. ಇದನ್ನ ನಾ ಒಯ್ಯಾಕ ಬರಂಗಿಲ್ಲ."

ಅವಳು ಹೋದ ಮೇಲೆ ಗುರುಬಸವ್ವ ಗೋಡೆಗೆ ಒರಗಿ ಕೂತಳು. "ನಾ ಈ ಮನಿಗೆ ಬಂದು ನಲವತ್ತೆರಡು ವರ್ಷ ಆತು. ತುಂಬಿದ ಉಡಿ ಹೊಳ್ಳಿ ಬಂದಿದ್ದಿಲ್ಲ. ಒಲ್ಲೆ ಅನ್ನಾಕ ಇದಕ್ಕಿಂತ ದೊಡ್ಡ ಮಾತು ಬೇಕೇನು?"

"ನಾವೇನು ಕನ್ಯಾ ಕೇಳೇವೇನಬೇ?"

"ನಿನ್ನ ಬಾಯಿ ಕೇಳಿಲ್ಲ. ಮಾರಿ ಕೇಳಾಕತ್ತಿತ್ತು."

ಚಿದಾನಂದ ಅಂದು ಉಂಡದ್ದು ರೊಟ್ಟಿಯೋ ರಟ್ಟೋ ಅವನಿಗೇ ತಿಳಿಯಲಿಲ್ಲ. ಮರುದಿನ ಮೋಟಾರ್‌ಸೈಕಲ್ ಹತ್ತಿ ಜಮಖಂಡಿಗೆ ಹೋದ. ಕ್ಲಾಸು ನಡೆದಿತ್ತು. ಹಿಂದಿನ ಬಾಗಿಲಿಂದ ಹೊಕ್ಕು ಕೊನೆಯ ಬೆಂಚಿನಲ್ಲಿ ಕೂತ.

"ಒಂದು ದವಾಖಾನಿ," ಕಾಂಚನಾ ಹೇಳುತ್ತಿದ್ದಳು. "ನಮ್ಮ ಸಿಪಾಯಿಗೆ ಕಾಲಿಗೆ ಪೆಟ್ಟಾಗೈತಿ. ವೈರಿ ಸಿಪಾಯಿಗೆ ಹೊಟ್ಟಿಗೆ ಗುಂಡು ಹೊಕ್ಕೈತಿ. ಡಾಕ್ಟರ್ ಒಬ್ಬನ. ಮೊದಲು ಯಾರನ್ನ ನೋಡಬೇಕು?"

"ನಮ್ಮವನ್ನ, ಮೇಡಂ," ಮುಂದಿನ ಸಾಲಿನ ಹುಡುಗಿಯೊಬ್ಬಳು ಎಂದಳು.

"ಅಲ್ಲವಾ. ಯಾರ ಜೀವಕ್ಕ ಹೆಚ್ಚು ಅಪಾಯ ಐತಿ, ಅವನ್ನ. ನಮ್ಮವ, ಅವರವ ಅನ್ನೂದು ದವಾಖಾನಿ ಬಾಗಿಲಾಚೆ ಉಳೀತು." ಅವಳ ಕಣ್ಣು ಕೊನೆಯ ಬೆಂಚಿಗೆ ಬಂದು ನಿಂತಿತು. "ಹಿಂದ ಕುಂತವರು ಯಾವ ಸೆಮಿಸ್ಟರ್ರೀ?"

"ಹತ್ತನೇ ಕ್ಲಾಸ್ ಮೂರು ಸಲ ಫೇಲ್ ರೀ," ಚಿದಾನಂದ ಎದ್ದು ನಿಂತು ಹೇಳಿದ.

ಇಡೀ ಕ್ಲಾಸು ನಕ್ಕಿತು. ಅವಳು ತುಟಿ ಕಚ್ಚಿ ಬೋರ್ಡಿನ ಕಡೆ ತಿರುಗಿದಳು. ತಿರುಗುವ ಮುಂಚೆ ಎಡಗೆನ್ನೆಯ ಕುಳಿ ಒಮ್ಮೆ ಕಾಣಿಸಿ ಹೋಯಿತು.

ಕ್ಲಾಸು ಮುಗಿದ ಮೇಲೆ ಮೆಟ್ಟಿಲ ಮೇಲೆ ಅವಳೇ ಮಾತು ತೆಗೆದಳು.

"ಎಂಟು ವರ್ಷದ ಹಿಂದ ಒಂದು ಕ್ಯಾಂಪಿನ್ಯಾಗ ನಮಗ ಹಿಟ್ಟು ಕೊಡಾವ್ರ ಮನ್ಯಾಗ ಒಂದ ಹೊತ್ತು ಉಂಡಿದ್ದೆ. ಬಡದಾಡೋ ಎರಡು ಪಂಗಡಕ್ಕ ನಡುವಿನ ರಸ್ತೇನ ಗಡಿ, ಅವರು ಈಚಿ ಕಡೆಯವರು. ಆಚಿ ಮಂದಿ, ಈಕಿ ಅವರ ಪೈಕಿ ಅಂತ ಮಾತಾಡಿದ್ರು. ಮೂರು ದಿನ ಆಚಿ ಹೆಣ್ಮಕ್ಕಳು ಹಿಟ್ಟು ಒಯ್ಯಾಕ ಬರಲಿಲ್ಲ. ಕೂಸುಗಳು ಉಪಾಸ ಬಿದ್ದವು. ಅವತ್ತಿನಿಂದ, ಮಾಲು ಕೊಡಾವ್ರ ಮನ್ಯಾಗ ಕೆಲಸ ಮುಗಿಯೂತನಕ ನಾ ನೀರೂ ಮುಟ್ಟಂಗಿಲ್ಲ."

"ಬನಹಟ್ಟ್ಯಾಗ ಯುದ್ಧ ಎಲ್ಲೈತ್ರಿ?"

"ಈ ಸೀರಿ ಕೆಲಸ ಒಂಬತ್ತು ಮಂದಿ ಕೇಳಿದ್ರು. ನಿಮ್ಮ ಮನಿ ಉಡಿ ಹೊತಗೊಂಡು ನಾ ಓಣಿ ದಾಟಿದ್ರ, ಉಳಿದ ಎಂಟು ಮಂದಿ ಏನಂತಿದ್ರು?"

ಆಮೇಲೆ ಅವಳೇ ಪುಸ್ತಕದ ಅಂಚು ಸವರುತ್ತ ಮೆಲ್ಲಗೆ ಹೇಳಿದಳು. "ನಿಮ್ಮ ಅವ್ವಾರ ಕೈ ಬೆಚ್ಚಗಿತ್ತು. ಉಡಿ ಇಳಿಸಾಕ ನನಗೂ ಮನಸ್ಸಿರಲಿಲ್ಲ."

"ಕೆಲಸ ಮುಗಿದಮ್ಯಾಲ?"

"ದಸರಾ ಆದ ಕೂಡಲೆ ನಾ ಮತ್ತ ಹೊರಗ ಹೊಂಟೇನಿ. ಆಫ್ರಿಕಾದ ಕ್ಯಾಂಪಿಗೆ. ಯಾವ ಊರಾಗೂ ನಾ ಬಾಳ ದಿನ ನಿಂತಾಕಿ ಅಲ್ರಿ."

ಅಂದರೆ ಕೈಯಲ್ಲಿದ್ದದ್ದು ಎರಡೂವರೆ ತಿಂಗಳು. ಅದರಲ್ಲಿ ಒಂದು ಕಪ್ ಚಹಾ ಕುಡಿಸುವ ಹಕ್ಕೂ ಅವನಿಗಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳನ್ನು ನೋಡುತ್ತ ಬಂದ ಚಿದಾನಂದ, ಊರು ಮುಟ್ಟುವುದರೊಳಗೆ ಒಂದು ಮಹಾ ಉಪಾಯ ಹೂಡಿದ. ಸೀರೆಯ ಕೆಲಸ ತನಗೆ ಬೇಡ ಎಂದು ಸಂಸ್ಥೆಗೆ ಬರೆದು ಕಳಿಸಿಬಿಟ್ಟ.

ನಾಲ್ಕನೆಯ ದಿನ ಕಾಂಚನಾ ಆಟೋದಿಂದ ಇಳಿದು ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತಳು. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲಿ ನೇಯುವ ತಾರವ್ವ ಒಂದೊಂದೇ ಮಗ್ಗ ನಿಲ್ಲಿಸಿದಳು.

"ಯಾಕ ಬಿಟ್ರಿ?"

"ನಾ ಮಾಲು ಕೊಡಾವ ಅಲ್ಲ ಅಂದ್ರ, ನೀವು ನಮ್ಮ ಮನ್ಯಾಗ ಚಹಾ ಕುಡೀಬಹುದಲ್ರಿ."

"ಮ್ಯಾಲಿನ ಡ್ಯಾಮಿನ್ಯಾಗ ನೀರು ತುಂಬಾಕತ್ತೈತಿ. ಹೊಸಬರನ್ನ ಹುಡುಕಾಕ ಒಂದು ತಿಂಗಳು ಬೇಕು. ನಿಮ್ಮ ಒಂದು ಕಪ್ ಚಹಾದ ಸಲುವಾಗಿ ಆರುನೂರು ಹೆಣ್ಮಕ್ಕಳು ಹಸಿ ಸೀರ್ಯಾಗ ಕುಂಡ್ರಬೇಕೇನು?"

ಚಿದಾನಂದನ ಮುಖ ಸುಣ್ಣದಂತಾಯಿತು. ತಾರವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಇವಂದು ನಾಲ್ಕು ದಿನದಿಂದ ತಲಿ ನೆಟ್ಟಗಿಲ್ರಿ ಬಾಯಾರ. ನಿನ್ನೆ ಚಹಾಕ್ಕ ಉಪ್ಪು ಹಾಕ್ಕೊಂಡು ಕುಡದ, ಛಲೋ ಐತಿ ಅಂದ."

"ನೇಯ್ತೇನ್ರಿ," ಅವನು ಹೇಳಿದ. "ಚಹಾ ಬ್ಯಾಡ." ಜೇಬಿನಿಂದ ಮಡಚಿದ ಹಾಳೆ ತೆಗೆದ. "ಆದರ ಒಂದು ಮಾತೈತ್ರಿ. ಎಲ್ಲಾ ಸೀರೀನೂ ಆರು ವಾರಿ ಅಂತ ಬರದೀರಿ. ಹೊಳಿದಂಡಿ ಮುದುಕ್ಯಾರು ಒಂಬತ್ತು ವಾರಿ ಕಚ್ಚಿ ಹಾಕಿ ಉಡಾವ್ರು. ಆರು ವಾರಿ ಕೊಟ್ರ ಉಡಾಕ ಒಲ್ಲದ ಹಸಿ ಸೀರ್ಯಾಗ ಮೂಲಿ ಹಿಡದು ಕುಂಡ್ರತಾರ, ಊಟದ ಪಾಳಿಗೂ ಏಳಂಗಿಲ್ಲ. ಊರೂರಿಗೆ ಹೋಗಿ ಕೇಳಿಕೊಂಡು ಬಂದೇನಿ. ನೂರಾ ನಲವತ್ತು ಮಂದಿ ಅದಾರ. ನಾ ಬಿಟ್ರೂ, ನೇಯಾವ್ರಿಗೆ ಗೊತ್ತಿರ್ಲಿ ಅಂತ ಹೋಗಿದ್ದೆ."

ಕಾಂಚನಾ ಹಾಳೆಯನ್ನು ಎರಡು ಸಲ ಓದಿದಳು. ಏಳು ದೇಶದ ಕ್ಯಾಂಪುಗಳಲ್ಲಿ, ಯಾರಿಗೆ ಏನು ಬೇಕೆಂದು ಕೇಳಿದ ಮೇಲೆಯೇ ಕೊಡಬೇಕೆಂದು ಪಾಠ ಹೇಳಿದವಳು. ತನ್ನ ಹೊಳೆಯ ದಂಡೆಗೆ ಬಂದು ಕೇಳದೆ ಬರೆದುಬಿಟ್ಟಿದ್ದಳು.

"ನಮ್ಮ ಅಮ್ಮನೂ ಒಂಬತ್ತು ವಾರೀನ ಉಡ್ತಿದ್ಲು," ಎಂದಳು. "ನನಗ ನೆನಪಾಗಲಿಲ್ಲ ನೋಡ್ರಿ."

ಅವನನ್ನು ನೋಡಿದ ನೋಟದಲ್ಲಿ ಈಗ ಸಿಟ್ಟಿರಲಿಲ್ಲ. ಆ ನೋಟದ ಬಿಸಿಗೆ ಶೆಡ್ಡಿನ ಅರ್ಧ ನೂಲು ಸುಟ್ಟುಹೋಗದೆ ಉಳಿದದ್ದೇ ದೊಡ್ಡದು.

ಅವಳು ಅಂದೇ ಸಂಸ್ಥೆಗೆ ಬರೆದು ಅಳತೆ ಬದಲಿಸಿದಳು. ಮಗ್ಗಗಳು ಎರಡು ಪಾಳಿಯಲ್ಲಿ ಓಡಿದವು. ಕಾಂಚನಾ ದಿನ ಬಿಟ್ಟು ದಿನ ಬಂದು, ಬಾಗಿಲ ಹೊರಗೆ ನಿಂತು, ತನ್ನ ಬಾಟಲಿಯ ನೀರನ್ನೇ ಕುಡಿದಳು. ಒಳಗೆ ಕಿವಿ ಕೇಳದ ಗದ್ದಲ. ತಾರವ್ವ ಅವಳಿಗೆ ನೇಕಾರರ ಕೈಸನ್ನೆ ಕಲಿಸಿದಳು. ಬೆರಳು ಮುರಿದಂತೆ ತೋರಿಸಿದರೆ ಎಳೆ ಹರಿದಿದೆ, ಅಂಗೈ ಸವರಿದರೆ ಛಲೋ ಬಂದಿದೆ.

ಒಂದು ದಿನ ಕಾಂಚನಾ ದೂರದಿಂದಲೇ ಎರಡು ಬೆರಳಿಂದ ತನ್ನ ಕೆನ್ನೆ ಮುಟ್ಟಿ ತೋರಿಸಿದಳು. ಚಿದಾನಂದ ಸಂಜೆಯವರೆಗೆ ತೇಲಾಡಿದ. ಕೊನೆಗೆ ತಾಳಲಾರದೆ ತಾರವ್ವನನ್ನು ಕೇಳಿದ.

"ಮಾರಿಗೆ ಮಷೀನ್ ಎಣ್ಣಿ ಹತ್ತೈತಿ, ಒರಸ್ಕೋ ಅಂದ್ಲೋ ಮಾರಾಯ. ನೀ ಇನ್ನೂ ಒರಸಿಲ್ಲ."

ಎಳೆ ಹರಿದ ಹನ್ನೊಂದು ಸೀರೆಗಳನ್ನು ಕಾಂಚನಾ ಮುಲಾಜಿಲ್ಲದೆ ವಾಪಸ್ ಕಳಿಸಿದಳು. ಅವನು ಮರುಮಾತಾಡದೆ ಮತ್ತೆ ನೇಯ್ದ.

ಶ್ರಾವಣದಲ್ಲಿ ಹೊಳೆ ಬಂತು. ನೀರು ಹೊಕ್ಕ ಊರಿನವರಿಗಾಗಿ ಎತ್ತರದ ಶಾಲೆಯೊಂದರಲ್ಲಿ ಕಾಳಜಿ ಕೇಂದ್ರ ತೆರೆಯಿತು. ಕೊನೆಯ ಗಂಟನ್ನು ಚಿದಾನಂದ ತಾನೇ ಹೊತ್ತು ತಂದ. ಕಾಂಚನಾ ಒಂದೊಂದನ್ನೂ ಬಿಚ್ಚಿ ನೋಡಿ, ಮಾಲು ಪೂರ್ತಿ ಮುಟ್ಟಿತು ಎಂದು ಸಹಿ ಹಾಕಿ, ಕಾಗದ ಅವನ ಕೈಗಿಟ್ಟಳು.

ಹೊಳೆದಂಡೆಯ ಮುದುಕಿ, ಎಂಬತ್ತು ದಾಟಿದ ಅನಸವ್ವ ಒಂಬತ್ತು ವಾರಿ ಉಟ್ಟು, ಕಚ್ಚೆ ಬಿಗಿದು, ವರಾಂಡಕ್ಕೆ ಬಂದಳು. ಮುಧೋಳದ ಅರಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಂಡವಳಂತೆ ನಡೆದಳು. "ಇದನ್ನ ನೇಯ್ದಾವ ಯಾರವಾ? ಅವಗ ಹೇಂತಿ ಅದಾಳೇನು?"

"ಇಲ್ಲ ಆಯಿ," ಕಾಂಚನಾ ಪೆನ್ನಿನ ಟೋಪಿ ಹಾಕುತ್ತ ಹೇಳಿದಳು. "ನಾನ ಕೇಳಬೇಕಂತ ಮಾಡೇನಿ."

ಚಿದಾನಂದನ ಕೈಯ ಕಾಗದ ನೆಲಕ್ಕೆ ಬಿತ್ತು.

"ಕೇಳಿಸ್ತೇನ್ರಿ?" ಎಂದಳು. "ಆದರ ನಾ ವರ್ಷಕ್ಕ ಆರು ತಿಂಗಳು ಹೋಗಾಕೀನ. ಉಳಿದ ಆರು ತಿಂಗಳು ಜಮಖಂಡ್ಯಾಗ ಪಾಠ, ಕಾಲೇಜಿನವರು ಹೂಂ ಅಂದಾರ. ಇದು ಬದಲಾಗಂಗಿಲ್ಲ."

"ನಾ ಮಗ್ಗ ಬಿಟ್ಟು ಬರಂಗಿಲ್ಲ. ನೀವು ಕೆಲಸ ಬಿಡಬ್ಯಾಡ್ರಿ."

"ಮಂದಿ ಏನೇನೋ ಅಂತಾರ."

"ಬನಹಟ್ಟ್ಯಾಗ ಮಗ್ಗದ ಸಪ್ಪಳದಾಗ ಏನೂ ಕೇಳಂಗಿಲ್ರಿ."

ಎಡಗೆನ್ನೆಯ ಕುಳಿ ಈ ಸಲ ಮರೆಯಾಗುವ ಗಡಿಬಿಡಿ ಮಾಡಲಿಲ್ಲ.

ದಸರಾ ಮುಗಿದ ಮೂರನೆಯ ದಿನ, ಮುಂಜಾನೆ, ಗುರುಬಸವ್ವನ ಅಂಗಳದಲ್ಲಿ ಆಟೋ ನಿಂತಿತು. ಕಾಂಚನಾ ಕಬ್ಬಿಣದ ದೊಡ್ಡ ಟ್ರಂಕ್ ಇಳಿಸಿಕೊಂಡಳು. ಚಳಿಯ ಕೋಟು, ಹಳೆಯ ಡೈರಿ, ಕಾಯ್ದೆ ಪುಸ್ತಕ, ಹದಿನಾಲ್ಕು ವರ್ಷದ ಸಂಸಾರವೆಲ್ಲ ಅದರಲ್ಲಿತ್ತು. ಯಾವ ದೇಶಕ್ಕೆ ಹೋದರೂ ಅದು ಅವಳ ಜೊತೆಗೇ ಹೋಗಿತ್ತು. ಇಂದು ಆಫ್ರಿಕಾಕ್ಕೆ ಹೊರಟವಳ ಹೆಗಲಲ್ಲಿ ಒಂದು ಸಣ್ಣ ಚೀಲ ಮಾತ್ರ.

"ಇದನ್ನ ಇಲ್ಲೇ ಇಟ್ಟು ಹೋಗ್ತೇನ್ರಿ ಅವ್ವಾರ," ಎಂದಳು. "ಎಲ್ಲೂ ಬಿಟ್ಟು ಹೋಗಿದ್ದಿಲ್ಲ."

ಗುರುಬಸವ್ವ ಟ್ರಂಕನ್ನು ನೋಡಿದಳು, ಮಗನನ್ನು ನೋಡಿದಳು. "ಏ ಚಿದ್ಯಾ, ಕಣ್ಣು ಬಿಟಗೊಂಡು ಏನು ನಿಂತಿ? ಒಳಗ ಒಯ್ದು ದೊಡ್ಡ ಖೋಲ್ಯಾಗ ಇಡು."

ಅದು ಒಂದು ಎಮ್ಮೆಯಷ್ಟು ಭಾರವಿತ್ತು. ಚಿದಾನಂದ ಒಬ್ಬನೇ ಎತ್ತಿದ.