ಭೋಗ್ಯದ ಮನೆ

೧೯೮೩ರ ಏಪ್ರಿಲ್‌ನಲ್ಲಿ ಒಂದು ಬುಧವಾರ ಬೆಳಿಗ್ಗೆ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಮನುಷ್ಯನೊಬ್ಬ ಕೊರಟಗೆರೆ ಠಾಣೆಯ ಮೆಟ್ಟಿಲು ಹತ್ತಿದ. ಹೆಸರು ಮಹಾಲಿಂಗಯ್ಯ, ಬಡವರಿಗೆ ಸರ್ಕಾರ ಕಟ್ಟಿಸುವ ಜನತಾ ಮನೆಗಳ ಮೇಲ್ವಿಚಾರಕ. ಕೊಳಾಲದಾಚೆ ಗೊಲ್ಲರಹಟ್ಟಿಯ ಪಕ್ಕ ಕಟ್ಟಿದ ಹೊಸ ಮನೆಗಳನ್ನು ನೋಡಲು ಹಿಂದಿನ ದಿನ ಹೋಗಿದ್ದ. ಬಿಸಿಲು ತಾಳಲಾರದೆ ಒಂದು ಮನೆಯ ಬೀಗ ತೆಗೆದು, ಉಂಡು ಮಲಗಿದ್ದ. ಯಾರೋ ತಲೆಗೆ ಬಾರಿಸಿದರು. ಎಚ್ಚರವಾದಾಗ ಹೊರಗೆ ಹುಣಸೆಮರದ ಕೆಳಗಿದ್ದ. ಜೀವ ಉಳಿದರೆ ಸಾಕೆಂದು ರಸ್ತೆಗೆ ಓಡಿದ್ದ.

“ಏನೇನು ಹೋಯ್ತು?” ಸಬ್ ಇನ್ಸ್‌ಪೆಕ್ಟರ್ ಜಯರಾಮಯ್ಯ ಕೇಳಿದರು.

“ಮನೆ ಬೀಗದ ಕೈ ಸಾರ್. ವಾಚು ಮುಟ್ಟಿಲ್ಲ.”

ಸರ್ಕಾರಿ ನೌಕರನ ಮೇಲೆ ಹಲ್ಲೆ, ಜಾಮೀನಿಲ್ಲದ ಕಲಂ. ಹೆಡ್ ಕಾನ್ಸ್‌ಟೇಬಲ್ ಬೋರಯ್ಯ ಎಫ್‌ಐಆರ್ ಬರೆದ.

ಅಂದೇ ಸ್ಥಳ ಪಂಚನಾಮೆಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಮರದ ಕೆಳಗೆ ಮಹಾಲಿಂಗಯ್ಯನ ಚಪ್ಪಲಿ ಜೋಡಿಸಿಟ್ಟಿತ್ತು. ಪಕ್ಕದಲ್ಲಿ ಛತ್ರಿ, ಸುತ್ತಿಟ್ಟ ಚಾಪೆ, ಮುಚ್ಚಳ ಹಾಕಿದ ಊಟದ ಕ್ಯಾರಿಯರ್.

“ಇದ್ಯಾವ ಕಳ್ಳ ಸಾರ್, ಇಷ್ಟು ಒಪ್ಪವಾಗಿ ಇಟ್ಟವ್ನೆ?” ಎಂದ ಬೋರಯ್ಯ.

“ಕಳ್ಳ ಅಲ್ಲ. ಮನೆ ಖಾಲಿ ಮಾಡಿಸಿದ್ದಾನೆ.”

ಮನೆ ಯಾರದು ಎಂದು ವಿಚಾರಿಸಿದರು. ರಂಗಕ್ಕನದು. ಗಂಡ ಸತ್ತವಳು, ಅವಳ ಗುಡಿಸಲು ಎರಡು ಸಲ ಸುಟ್ಟಿತ್ತು. ಕೈಯಿಂದ ಕಾಸು ಹಾಕದೆ ಸಿಕ್ಕ ಮನೆ. ಸರ್ಕಾರ ಜವಾಬ್ದಾರಿ ಹೊತ್ತು ಸಾಲ ಕೊಡಿಸಿ, ಮನೆಯನ್ನೇ ಅಡಮಾನ ಮಾಡಿಸಿಕೊಂಡಿತ್ತು. ಬರುವ ಸೋಮವಾರ ಅವಳು ಹಾಲು ಉಕ್ಕಿಸಬೇಕಿತ್ತು.

ಅವಳಪ್ಪ ಕ್ಯಾತಣ್ಣ ಕುರಿ ಮುಂದೆ ನಿಂತಿದ್ದ. ಕೈಯಲ್ಲಿ ಆಗಷ್ಟೇ ಮುರಿದ ಹಸಿ ಕೊಂಬೆ, ತೊಗಟೆ ಕೂಡ ಸುಲಿದಿರಲಿಲ್ಲ. ಕುರಿ ಕಾಯುವವನು ಹೆಂಡತಿಯನ್ನಾದರೂ ಮರೆತು ಬಂದಾನು, ಕೋಲನ್ನು ಮರೆಯುವುದಿಲ್ಲ.

“ನಿನ್ನ ಕೋಲೆಲ್ಲಿ?”

“ಮುರೀತು ಸ್ವಾಮಿ.”

“ಯಾವಾಗ?”

ಕ್ಯಾತಣ್ಣ ಸುಳ್ಳು ಹುಡುಕಲಿಲ್ಲ. ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ತಾನೇ ಬಿಚ್ಚಿಕೊಟ್ಟ.

“ಯಾಕೆ ಹೊಡೆದೆ?”

“ಸಾಲದ ಕಾಗ್ದಕ್ಕೆ ನಾನೂ ಮಗ್ಳೂ ಹೆಬ್ಬೆಟ್ಟು ಒತ್ತೋವಾಗ ಅಡಮಾನ ಅಂದ್ರೇನು ಅಂದೆ. ಅವಯ್ಯನೇ ಹೇಳ್ದ, ಭೋಗ್ಯ ಇದ್ದಂಗೆ ಕಣಯ್ಯ, ಒತ್ತು ಅಂತ. ಒತ್ದೆ ಇದ್ರೆ ಮನೆ ಬ್ಯಾರೆಯವರ ಪಾಲಾಗ್ತಿತ್ತು. ಭೋಗ್ಯಕ್ಕೆ ಯಾರೂ ಬರ್ನಿಲ್ಲ, ಸದ್ಯ ತಪ್ತು ಅಂದ್ಕೊಂಡಿದ್ದೆ. ನಿನ್ನೆ ನೋಡ್ತೀನಿ, ಚಾಪೆ ಹಾಸ್ಕಂಡು ಮಲ್ಗವ್ನೆ.”

“ಎದ್ದು ಹೋಗು ಅನ್ನಲಿಲ್ವಾ?”

“ಅಂದೆ. ಗೊರ್ಕೆ ಹೊಡೀತಿದ್ದ.”

ಬೋರಯ್ಯನಿಗೆ ನಗು ಬಂತು. ಜಯರಾಮಯ್ಯನವರಿಗೆ ಬರಲಿಲ್ಲ. ಆ ಸೀಮೆಯಲ್ಲಿ ಭೋಗ್ಯವೆಂದರೆ ಒಂದೇ ಅರ್ಥ: ಸಾಲ ಕೊಟ್ಟವನು ಮನೆಯೊಳಗೆ, ಪಡೆದವನು ತೀರಿಸುವ ತನಕ ಹೊರಗೆ.

“ಅಡಮಾನ ಅಂದರೆ ಅದಲ್ಲ ಕ್ಯಾತಣ್ಣ. ನಿನ್ನ ಮಗಳೇ ಇರಬಹುದಿತ್ತು. ಯಾರೂ ಬರ್ತಿರಲಿಲ್ಲ.”

ಮುದುಕ ಅಲ್ಲೇ ಕುಕ್ಕರಿಸಿದ. “ಅಂಗಾದ್ರೆ ಕೈ ಅವ್ಳಿಗೆ ಕೊಟ್ಬುಡಿ. ನನ್ನ ಕರ್ಕಂಡು ಹೋಗಿ,” ಎಂದ.

ಕೊಡುವ ಹಾಗಿರಲಿಲ್ಲ. ಬೀಗದ ಕೈ ಈಗ ಮುದ್ದೆಮಾಲು, ಕೋರ್ಟಿನ ಸೊತ್ತು. ವಿಷಯ ತಿಳಿದ ಮಹಾಲಿಂಗಯ್ಯ ಮತ್ತೆ ಠಾಣೆಗೆ ಬಂದ. “ಎಲ್ಲರಿಗೂ ಭೋಗ್ಯ ಅಂತಲೇ ಹೇಳ್ತಾ ಬಂದೆ ಸಾರ್. ದೂರು ವಾಪಸ್ ತಗೋತೀನಿ,” ಎಂದ. ತೆಗೆದುಕೊಳ್ಳಲು ಆ ಕಲಂ ಬಿಡುವುದಿಲ್ಲ. ಅವನ ಮೇಲಿನವರಂತೂ ಕೇಸು ಮುಗಿಯುವವರೆಗೆ ಮನೆ ಹಸ್ತಾಂತರ ಇಲ್ಲವೆಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಜಯರಾಮಯ್ಯ ಎರಡು ಸಲ ಹೋಗಿ ಅಂಗಲಾಚಿದ್ದೂ ದಂಡವಾಯಿತು. ಖಾಕಿ ತೊಟ್ಟು ಇಷ್ಟು ಕೈಲಾಗದವರಾಗಿ ಅವರು ಎಂದೂ ನಿಂತಿರಲಿಲ್ಲ.

ಕ್ಯಾತಣ್ಣನನ್ನು ಮಧುಗಿರಿ ಕೋರ್ಟಿಗೆ ಬಸ್ಸಿನಲ್ಲಿ ಕರೆದೊಯ್ದರು. ರಂಗಕ್ಕ ಬಸ್ಸಿನ ಪಕ್ಕ ಸ್ವಲ್ಪ ದೂರ ನಡೆದು ನಿಂತುಬಿಟ್ಟಳು. ಬೀಗದ ಕೈ ಇಟ್ಟು ಅರಗಿನ ಮುದ್ರೆ ಒತ್ತಿದ ಪುಟ್ಟ ಬಟ್ಟೆಗಂಟು ಬೋರಯ್ಯನ ತೊಡೆಯ ಮೇಲಿತ್ತು. ಮುದುಕ ಅದನ್ನೇ ನೋಡುತ್ತಿದ್ದ.

“ಕೈ ನಿಮ್ ತಾವ ಐತಲ್ಲ ಸ್ವಾಮಿ. ಆ ಮನ್ಯಾಗೆ ಇನ್ನು ನೀವು ಇರ್ತೀರಾ?”

“ಇಲ್ಲ. ಯಾರೂ ಇರಲ್ಲ,” ಎಂದರು ಜಯರಾಮಯ್ಯ.

“ಮತ್ತೆ ಬೀಗ ಯಾಕೆ?” ಎಂದ ಕ್ಯಾತಣ್ಣ.