ಕೈಗುಣ

ಚಾಮರಾಜಪೇಟೆಯಲ್ಲಿ ರೇಷ್ಮೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಕೊಳಕು ನೀರು ಶುದ್ಧಮಾಡುವ ಎಂಜಿನಿಯರ್ ನಾನು. ತೊಟ್ಟಿಯಲ್ಲಿ ಬಣ್ಣ ತಿನ್ನುವ ಸೂಕ್ಷ್ಮಜೀವಿಗಳಿಗೆ ದಿನವೂ ಬೆಲ್ಲದ ನೀರು ಉಣಿಸಬೇಕು. ನನ್ನ ಕೈಯಲ್ಲಿ ಅವು ಸಾಯುತ್ತಿದ್ದವು. ನೀರು ಕೆಂಪಾಗಿಯೇ ಉಳಿದು, ಕೆಲಸ ಹೋಗುವುದರಲ್ಲಿತ್ತು.

"ಗಿರಿಜಾಂಬಾ ಮೇಡಂ ಇದ್ದಾಗ ಕನ್ನಡಿ ಥರ ಇತ್ತು ಬಿಡಿ," ಎಂದು ಆಪರೇಟರ್ ಮುನಿಶಾಮಪ್ಪ ಚುಚ್ಚುತ್ತಿದ್ದ. ನನಗಿಂತ ಮೊದಲು ಈ ಕೆಲಸದಲ್ಲಿದ್ದು, ತೀರಿಹೋಗಿ ವರ್ಷವಾದವಳ ಮೇಲೆ ನನಗೆ ಹೊಟ್ಟೆಕಿಚ್ಚು.

ಒಂದು ಮಧ್ಯಾಹ್ನ ತೊಟ್ಟಿಯ ಮುಂದೆ ನಿಂತು, "ಇವುಗಳ ಮೇಲೆ ಅಷ್ಟು ಪ್ರೀತಿ ಇದ್ರೆ ನೀವೇ ಬಂದು ಉಣ್ಸಿ, ಗಿರಿಜಾಂಬಾ ಮೇಡಂ!" ಎಂದೆ. ತೊಟ್ಟಿಗೆ ಗಾಳಿ ಊದುವ ಪಂಪು ತಾನಾಗಿಯೇ ನಿಂತಿತು. ಬಿಸಿಲಿಗೆ ಕಾದಿದ್ದ ಕಂಬಿ ಅಂಗೈಯಡಿ ತಣ್ಣಗಾಯಿತು. ನಿಂತ ನೀರಿನ ಒಂದು ಮೂಲೆ ಮಾತ್ರ, ಯಾರೋ ಕೈಯಾಡಿಸಿದಂತೆ, ಮೆಲ್ಲಗೆ ಸುತ್ತುತ್ತಿತ್ತು.

ಮರುದಿನ ನೀರು ತಿಳಿಯಾಗಿತ್ತು.

"ಅಂತೂ ನಿಮ್ಗೂ ಕೈಗುಣ ಬಂತಲ್ಲ ಮೇಡಂ!" ಎಂದ ಮುನಿಶಾಮಪ್ಪ.

ಅಂದಿನಿಂದ ಇವತ್ತಿನವರೆಗೆ ಆ ತೊಟ್ಟಿಗೆ ನಾನು ಏನೂ ಹಾಕಿಲ್ಲ.